ಗಾಳಿಸೂಚಿಗೂ ಒಂದು ಮುದ್ರೆ ಬೇಕು

‘ಗಾಳಿ ಬಂದಾಗ ತೂರಿಕೊ’ ಎಂಬ ಗಾದೆಯನ್ನು ನಾವು ಕಾಲಕ್ಕೆ ಸಂಬಂಧಪಟ್ಟ ಬುದ್ಧಿವಾದವೆಂದೇ ತಿಳಿದಿದ್ದೇವೆ. ಒದಗಿದ ಅವಕಾಶವನ್ನು ಬಿಡಬಾರದೆಂಬುದು ಅದರ ತಾತ್ಪರ್ಯ. ಆದರೆ ಕಣದಲ್ಲಿ ನಿಂತು ರಾಗಿ ತೂರುತ್ತಿದ್ದ ನಮ್ಮ ಹಿರಿಯರಿಗೆ ಗಾಳಿ ಬಂದರಷ್ಟೇ ಸಾಲುತ್ತಿರಲಿಲ್ಲ. ಅದು ಯಾವ ಕಡೆಯಿಂದ ಬೀಸುತ್ತಿದೆ ಎಂಬುದೂ ತಿಳಿದಿರಬೇಕಾಗಿತ್ತು. ಹಿಡಿ ಹೊಟ್ಟನ್ನು ಮೇಲಿನಿಂದ ಬಿಟ್ಟು, ಅದು ಸರಿದ ಕಡೆಯನ್ನು ನೋಡಿಕೊಂಡು, ಅದಕ್ಕೆ ತಕ್ಕಂತೆ ಮೊರ ಹಿಡಿದು ನಿಲ್ಲುತ್ತಿದ್ದರು. ದಿಕ್ಕು ತಪ್ಪಿ ನಿಂತವನ ರಾಶಿಗೆ ಹೊಟ್ಟು ಮತ್ತೆ ಬಂದು ಬೀಳುತ್ತಿತ್ತು. ಇಂದು ಗುಡ್ಡಗಳ ನೆತ್ತಿಯಲ್ಲಿ ನಿಂತು ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ಮಹಾಯಂತ್ರಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ. ಅವು ಗಾಳಿಗೆ ಸರಿಯಾಗಿ ಮುಖಕೊಟ್ಟು ನಿಂತಿವೆಯೇ? ಅದನ್ನು ಪರೀಕ್ಷಿಸುವವರು ಯಾರು? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ನಾಲ್ಕು ತಾಲ್ಲೂಕುಗಳ ಜನರಿಗೆ ನಮ್ಮ ವಿಷಯವು ದೂರದ್ದಲ್ಲ. ನೈಋತ್ಯ ಮಾರುತವು ಪಶ್ಚಿಮ ಘಟ್ಟಗಳ ಮೇಲೆ ತನ್ನ ನೀರಿನ ಹೊರೆಯನ್ನು ಬಹುಮಟ್ಟಿಗೆ ಇಳಿಸಿ ಇತ್ತ ಬರುವುದರಿಂದ, ಆಷಾಢದಲ್ಲಿ ಈ ಸೀಮೆಗೆ ಮಳೆಗಿಂತ ಹೆಚ್ಚಾಗಿ ಗಾಳಿಯೇ ದಕ್ಕುತ್ತದೆ. ಆ ಗಾಳಿಯಲ್ಲಿ ಮಕ್ಕಳು ಪಟ ಹಾರಿಸುತ್ತಾರೆ. ದೊಡ್ಡವರು ಮೋಡವನ್ನು ಹೊತ್ತೊಯ್ಯಿತೆಂದು ಅದನ್ನು ಬಯ್ಯುತ್ತಾರೆ. ಶಿರಾದಿಂದ ಹೆದ್ದಾರಿಯಲ್ಲಿ ವಾಯವ್ಯಕ್ಕೆ ಹೊರಟರೆ ಹಿರಿಯೂರನ್ನು ದಾಟಿ ಚಿತ್ರದುರ್ಗವು ಸಿಕ್ಕುತ್ತದೆ. ಅಲ್ಲಿಯ ಜೋಗಿಮಟ್ಟಿಯ ಸಾಲುಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಪಾವಗಡದ ಗಡಿಯಾಚೆ ಆಂಧ್ರದ ರಾಮಗಿರಿಯ ಗುಡ್ಡಗಳಲ್ಲಿಯೂ ೧೯೯೦ರ ದಶಕದಲ್ಲಿಯೇ ಇಂಥ ಯಂತ್ರಗಳನ್ನು ನೆಟ್ಟರು. ಹೀಗೆ ಈ ಸೀಮೆಯು ಎರಡು ಗಾಳಿಯ ಬಯಲುಗಳ ನಡುವೆ ಇದೆ.

ಇದರ ಜೊತೆಗೆ, ಪಾವಗಡದ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆ ನೆಲದಲ್ಲಿ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ೨೦೧೮ರಲ್ಲಿ ಉದ್ಘಾಟನೆಗೊಂಡು ೨೦೧೯ರ ಕೊನೆಗೆ ಅದು ಪೂರ್ಣ ಸಾಮರ್ಥ್ಯವನ್ನು ಮುಟ್ಟಿತು. ಸೂರ್ಯನು ಹಗಲಿಗೆ ಮಾತ್ರ ದುಡಿಯುವವನು. ಮೋಡ ಕವಿದರೆ ಹಗಲಿನಲ್ಲಿಯೂ ಅವನ ದುಡಿಮೆ ಕುಂದುತ್ತದೆ. ಗಾಳಿಯಾದರೋ ಆ ಮೋಡದ ತಿಂಗಳುಗಳಲ್ಲಿಯೇ ಬಲವಾಗಿ, ರಾತ್ರಿಯೂ ಬೀಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲುದು. ೨೦೨೨ರಿಂದ ೨೦೨೭ರವರೆಗಿನ ರಾಜ್ಯದ ನವೀಕರಿಸಬಹುದಾದ ಇಂಧನ ನೀತಿಯೂ ಇವೆರಡನ್ನು ಜೋಡಿಸುವುದಕ್ಕೆ ಉತ್ತೇಜನ ಕೊಟ್ಟಿದೆ. ಆದುದರಿಂದ ಗಾಳಿಯಂತ್ರವು ತನ್ನ ಪಾಲನ್ನು ಪೂರ್ತಿಯಾಗಿ ಸಲ್ಲಿಸುತ್ತಿದೆಯೇ ಎಂದು ಕೇಳುವ ಹಕ್ಕು, ಸೂರ್ಯನಿಗಾಗಿ ನೆಲವನ್ನು ಗುತ್ತಿಗೆ ಕೊಟ್ಟ ಈ ಸೀಮೆಗೆ ಖಂಡಿತವಾಗಿಯೂ ಇದೆ.

ಸೂರ್ಯನಿಗೂ ಗಾಳಿಗೂ ಒಂದು ಮುಖ್ಯ ಭೇದವುಂಟು. ಸೂರ್ಯನಿಗೆ ಪಂಚಾಂಗವಿದೆ. ಮುಂದಿನ ನೂರು ವರ್ಷಗಳಲ್ಲಿ ಯಾವ ದಿನ ಯಾವ ಗಳಿಗೆಯಲ್ಲಿ ಅವನು ಪಾವಗಡದ ಆಕಾಶದಲ್ಲಿ ಎಲ್ಲಿರುವನೆಂಬುದನ್ನು ಇಂದೇ ಲೆಕ್ಕ ಹಾಕಿ ಹೇಳಬಹುದು. ಸೌರಫಲಕವನ್ನು ಯಾವ ಓರೆಯಲ್ಲಿ ನಿಲ್ಲಿಸಬೇಕೆಂಬುದು ಆ ಲೆಕ್ಕದಿಂದಲೇ ತೀರ್ಮಾನವಾಗುತ್ತದೆ. ಗಾಳಿಗೆ ಅಂಥ ಪಂಚಾಂಗವಿಲ್ಲ. ಋತುವಿಗೆ ಒಂದು ದಿಕ್ಕು ಎಂದು ಸ್ಥೂಲವಾಗಿ ಹೇಳಬಹುದಾದರೂ, ಗಳಿಗೆಯಿಂದ ಗಳಿಗೆಗೆ ಅದು ಅತ್ತಿತ್ತ ಹೊರಳುತ್ತಲೇ ಇರುತ್ತದೆ. ಆದ್ದರಿಂದ ಗಾಳಿಯಂತ್ರವು ದಿಕ್ಕನ್ನು ಕ್ಷಣಕ್ಷಣಕ್ಕೂ ಅಳೆಯಬೇಕು. ಅಳೆಯುವ ಉಪಕರಣವು ತಪ್ಪಿದರೆ ಅದನ್ನು ತಿದ್ದಲು ಬೇರೆ ಆಧಾರವಿಲ್ಲ.

ಯಂತ್ರವನ್ನು ಗಾಳಿಗೆ ತಿರುಗಿಸುವ ವಿದ್ಯೆ ಹಳೆಯದು. ಯೂರೋಪಿನ ಹಿಟ್ಟಿನ ಗಿರಣಿಗಳನ್ನು ಮೊದಲು ಆಳುಗಳೇ ಉದ್ದನೆಯ ತೊಲೆ ಹಿಡಿದು ಗಾಳಿಯ ಕಡೆಗೆ ನೂಕುತ್ತಿದ್ದರು. ೧೭೪೫ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಲೀ ಎಂಬಾತನು, ಹಿಂಬದಿಯಲ್ಲಿ ಒಂದು ಸಣ್ಣ ಚಕ್ರವನ್ನಿಟ್ಟು, ಗಾಳಿಯೇ ಗಿರಣಿಯನ್ನು ತಿರುಗಿಸುವಂತೆ ಮಾಡುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ನೀರೆತ್ತುವ ಯಂತ್ರಗಳಿಗೆ ಬಂದದ್ದು ಇನ್ನೂ ಸರಳವಾದ ಬಾಲ; ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯು ೧೯೬೦ರ ದಶಕದಲ್ಲಿ ನೀರೆತ್ತುವ ಗಾಳಿಯಂತ್ರಗಳ ಮೇಲೆ ಕೆಲಸ ಮಾಡಿತ್ತು. ದಿಕ್ಕಿನ ಗೊಡವೆಯೇ ಬೇಡವೆನ್ನುವ ಮಾರ್ಗವೂ ಉಂಟು. ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವು ಹುಟ್ಟಿ, ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತನ್ನ ವಿಸ್ತರಣಾ ಕೇಂದ್ರವನ್ನು ತೆರೆಯಿತು. ಅದೇ ದಶಕದಲ್ಲಿ ಆ ಮಂದಿರದ ವಿಜ್ಞಾನಿಗಳಾದ ಎಸ್. ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅವರು ಬಟ್ಟೆಯ ಹಾಯಿಗಳುಳ್ಳ, ಕಡಮೆ ಬೆಲೆಯ ಗಾಳಿಯಂತ್ರವೊಂದನ್ನು ರೂಪಿಸಿ ೧೯೭೯ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅದರ ಅಚ್ಚು ನೆಟ್ಟಗೆ ನಿಂತಿತ್ತು. ಗಾಳಿ ಯಾವ ಕಡೆಯಿಂದ ಬಂದರೂ ಅದು ತಿರುಗುತ್ತಿತ್ತು. ಆದರೆ ಅಂಥ ಯಂತ್ರವು ಗಾಳಿಯಿಂದ ಪಡೆಯುವ ಶಕ್ತಿಯ ಪಾಲು ಕಡಮೆ. ದೊಡ್ಡ ಪ್ರಮಾಣದ ವಿದ್ಯುತ್ತಿಗೆ ಮಲಗಿದ ಅಚ್ಚಿನ, ಮೂರು ರೆಕ್ಕೆಯ ಯಂತ್ರವೇ ಗೆದ್ದಿತು. ಅದರೊಡನೆ ದಿಕ್ಕಿನ ಚಿಂತೆಯೂ ಬಂದಿತು. ಡೆನ್ಮಾರ್ಕಿನ ಗೆಡ್ಸರ್ ಎಂಬಲ್ಲಿ ಯೋಹಾನೆಸ್ ಯೂಲ್ ೧೯೫೭ರಲ್ಲಿ ನಿಲ್ಲಿಸಿದ ೨೦೦ ಕಿಲೋವ್ಯಾಟ್ ಯಂತ್ರವು ವಿದ್ಯುತ್ ಮೋಟಾರಿನ ನೆರವಿನಿಂದ ಗಾಳಿಗೆ ಮುಖ ತಿರುಗಿಸುತ್ತಿತ್ತು. ಇಂದಿನ ಯಂತ್ರಗಳು ಅದರ ಸಂತತಿ.

ಈಗಿನ ಯಂತ್ರದ ರಚನೆಯನ್ನು ಸ್ವಲ್ಪ ನೋಡೋಣ. ಕಂಬದ ತುದಿಯಲ್ಲಿ, ಮನೆಯಷ್ಟು ದೊಡ್ಡದಾದ ಒಂದು ಯಂತ್ರಗೂಡು ಇರುತ್ತದೆ. ಅದರ ಮುಂದೆ ರೆಕ್ಕೆಗಳ ಚಕ್ರ. ಗೂಡಿನ ಮೇಲೆ, ಹಿಂಬದಿಯಲ್ಲಿ, ಗಾಳಿಯ ವೇಗವನ್ನು ಅಳೆಯುವ ಉಪಕರಣವೂ ದಿಕ್ಕನ್ನು ತೋರಿಸುವ ಉಪಕರಣವೂ ಇರುತ್ತವೆ. ಎರಡನೆಯದನ್ನು ನಾವು ಗಾಳಿಸೂಚಿ ಎಂದು ಕರೆಯೋಣ. ಹಳೆಯ ಪಠ್ಯಪುಸ್ತಕಗಳ ಗಾಳಿಕೋಳಿಯ ವಂಶದ್ದೇ ಅದು. ‘ಗಾಳಿಯು ನೇರವಾಗಿ ಎದುರಿನಿಂದ ಬರುತ್ತಿದೆ’ ಎಂದರೆ ಸೂಚಿಯು ಸೊನ್ನೆಯನ್ನು ತೋರಬೇಕು. ಗಾಳಿ ಓರೆಯಾಗಿ ಸ್ವಲ್ಪ ಹೊತ್ತು ನಿಂತರೆ, ಗಣಕವು ಸೂಚಿಯ ಸರಾಸರಿಯನ್ನು ನೋಡಿ ಮೋಟಾರುಗಳಿಗೆ ಆಜ್ಞೆ ಕೊಡುತ್ತದೆ. ಗೂಡು ಸೊನ್ನೆ ಬರುವವರೆಗೆ ಮೆಲ್ಲನೆ ತಿರುಗುತ್ತದೆ. ಇಷ್ಟು ದೊಡ್ಡ ಯಂತ್ರವು, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಸಣ್ಣ ಸೂಚಿಯ ಮಾತನ್ನು ನಂಬಿಯೇ ನಡೆಯುತ್ತದೆ.

ಆ ಸೂಚಿಯೇ ಓರೆಯಾಗಿ ಕೂತಿದ್ದರೆ? ಸೂಚಿಯನ್ನು ಕೂರಿಸುವ ಕೆಲಸಗಾರನು ನೆಲದಿಂದ ೮೦ ಅಥವಾ ೧೦೦ ಮೀಟರ್ ಎತ್ತರದಲ್ಲಿ, ಬೀಸುವ ಗಾಳಿಯಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಸೂಚಿಯ ಮೇಲಿನ ಗುರುತನ್ನು ಗೂಡಿನ ಅಚ್ಚಿಗೆ ಕಣ್ಣಳತೆಯಿಂದ ಸರಿದೂಗಿಸಿ ತಿರುಪು ಬಿಗಿಯಬೇಕಾದ ಸಂದರ್ಭಗಳುಂಟು. ಸೂಚಿಯ ಬುಡವು ೫ ಸೆಂಟಿಮೀಟರ್ ವ್ಯಾಸದ್ದೆಂದು ಇಟ್ಟುಕೊಳ್ಳೋಣ. ಅದರ ಅಂಚಿನ ಮೇಲೆ ೮ ಡಿಗ್ರಿಯ ತಪ್ಪು ಎಂದರೆ ಕೇವಲ ಮೂರೂವರೆ ಮಿಲಿಮೀಟರ್. ಎರಡು ರಾಗಿಕಾಳುಗಳನ್ನು ಪಕ್ಕಪಕ್ಕದಲ್ಲಿಟ್ಟಷ್ಟು ಅಗಲ. ಆ ಎತ್ತರದಲ್ಲಿ ಎರಡು ಕಾಳಿನಷ್ಟು ತಪ್ಪಿದರೆ ಕೆಲಸಗಾರನನ್ನು ದೂರುವುದು ನ್ಯಾಯವಲ್ಲ.

ಇದಲ್ಲದೆ ಸೂಚಿಯು ಇರುವ ಸ್ಥಾನವೂ ಅನುಕೂಲವಾದುದಲ್ಲ. ಅದು ರೆಕ್ಕೆಗಳ ಹಿಂದೆ ಇದೆ. ರೆಕ್ಕೆಗಳನ್ನು ದಾಟಿ ಬಂದ ಗಾಳಿ ತನ್ನ ಬಲವನ್ನು ಕಳೆದುಕೊಂಡು, ಚಕ್ರದ ತಿರುವಿಗೆ ವಿರುದ್ಧವಾಗಿ ಸುಳಿಯುತ್ತ ಬರುತ್ತದೆ. ಸೂಚಿಯು ಕಾಣುವುದು ಈ ಕಲಕಿದ ಗಾಳಿಯನ್ನು. ಯಂತ್ರಕ್ಕೆ ಬೇಕಾದದ್ದು ಮುಂದೆ ಬರುತ್ತಿರುವ, ಕಲಕದ ಗಾಳಿಯ ದಿಕ್ಕು. ಈ ವ್ಯತ್ಯಾಸಕ್ಕಾಗಿ ಯಂತ್ರವನ್ನು ಮಾಡಿದವರು ಗಣಕದಲ್ಲಿ ತಿದ್ದುಪಡಿಯನ್ನು ಸೇರಿಸಬಹುದು. ಆದರೆ ಸುಳಿಯ ಪ್ರಮಾಣವು ಗಾಳಿಯ ವೇಗದೊಡನೆ ಬದಲಾಗುತ್ತದೆ. ನಮ್ಮ ಸೀಮೆಯ ಹಾಗೆ ಗುಡ್ಡದ ಏರನ್ನು ಹತ್ತಿ ಬರುವ ಗಾಳಿಯ ಹರಿವು ಬಯಲಿನ ಗಾಳಿಯ ಹರಿವಿನಂತಲ್ಲ. ಒಂದೆಡೆ ಸರಿಯಾದ ತಿದ್ದುಪಡಿ ಇನ್ನೊಂದೆಡೆಗೆ ಸರಿಹೊಂದುವುದೆಂಬ ಭರವಸೆಯಿಲ್ಲ.

ಈ ತಪ್ಪಿನ ವಿಶೇಷವೆಂದರೆ ಅದು ತನ್ನನ್ನು ತಾನೇ ಮರೆಮಾಚಿಕೊಳ್ಳುತ್ತದೆ. ಓರೆಯಾಗಿ ಕೂತ ಸೂಚಿಯು ಸೊನ್ನೆ ತೋರುವವರೆಗೆ ಯಂತ್ರವು ತಿರುಗಿ, ಗಾಳಿಗೆ ೮ ಡಿಗ್ರಿ ಓರೆಯಾಗಿ ನಿಂತು, ‘ನಾನು ಸರಿಯಾಗಿ ನಿಂತಿದ್ದೇನೆ’ ಎಂದು ದಾಖಲೆಯಲ್ಲಿ ಬರೆಯುತ್ತದೆ. ದಾಖಲೆಯನ್ನು ನೋಡಿದ ಅಧಿಕಾರಿಗೆ ಸರಾಸರಿ ಸೊನ್ನೆಯೇ ಕಾಣುತ್ತದೆ. ಪಡಿಯೇ ಕಿರಿದಾಗಿದ್ದರೆ ಅದೇ ಪಡಿಯಿಂದ ಎಷ್ಟು ಸಲ ಅಳೆದರೂ ಕೊರತೆ ಕಾಣದು. ಹೊರಗಿನ ಸಾಕ್ಷಿ ಬೇಕು.

ನಷ್ಟವೆಷ್ಟು? ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾದುದು. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಯಂತ್ರವು ಓರೆಯಾಗಿ ನಿಂತರೆ, ಚಕ್ರಕ್ಕೆ ನೇರವಾಗಿ ಹಾಯುವ ವೇಗದ ಅಂಶ ಆ ಕೋನದ ಕೊಸೈನಿನಷ್ಟು ಕುಗ್ಗುತ್ತದೆ. ಆದ್ದರಿಂದ ಶಕ್ತಿಯು ಕೊಸೈನಿನ ಘನದಷ್ಟು ಕುಗ್ಗಬೇಕೆಂದು ತೋರಬಹುದು. ಕೊಸೈನಿನ ವರ್ಗವನ್ನು ಹಿಡಿದು ಲೆಕ್ಕ ಹಾಕುವವರೂ ಉಂಟು. ಈ ಎರಡು ಲೆಕ್ಕಗಳ ಪ್ರಕಾರ, ೫ ಡಿಗ್ರಿಗೆ ನಷ್ಟವು ಶೇಕಡಾ ಒಂದರ ಆಸುಪಾಸು; ೮ ಡಿಗ್ರಿಗೆ ಶೇಕಡಾ ೨ರಿಂದ ೩; ೧೫ ಡಿಗ್ರಿಗೆ ಶೇಕಡಾ ೭ರಿಂದ ೧೦. ಗಾಳಿ ತೀರ ಜೋರಾಗಿ, ಯಂತ್ರವು ತನ್ನ ಪೂರ್ಣ ಸಾಮರ್ಥ್ಯವನ್ನು ಮುಟ್ಟಿದಾಗ ಈ ನಷ್ಟವು ಕಾಣುವುದಿಲ್ಲ; ವರ್ಷದ ಬಹುಭಾಗವಿರುವ ಸಾಧಾರಣ ಗಾಳಿಯಲ್ಲಿ ಕಾಣುತ್ತದೆ.

ವರ್ಷದ ಒಟ್ಟು ನಷ್ಟವನ್ನು ಶೇಕಡಾ ಒಂದೆಂದೇ ಹಿಡಿಯೋಣ. ೨ ಮೆಗಾವ್ಯಾಟಿನ ಒಂದು ಯಂತ್ರವು ವರ್ಷದಲ್ಲಿ ಸರಾಸರಿ ತನ್ನ ಸಾಮರ್ಥ್ಯದ ಕಾಲುಭಾಗದಷ್ಟು ದುಡಿದರೆ ಸುಮಾರು ೪೩,೮೦,೦೦೦ ಯೂನಿಟ್ ವಿದ್ಯುತ್ತಾಗುತ್ತದೆ. ಅದರಲ್ಲಿ ನೂರಕ್ಕೊಂದು ಎಂದರೆ ೪೩,೮೦೦ ಯೂನಿಟ್. ತಿಂಗಳಿಗೆ ೧೦೦ ಯೂನಿಟ್ ಬಳಸುವ ೩೬ ಮನೆಗಳ ವರ್ಷದ ಬೆಳಕು ಇಷ್ಟರಲ್ಲಿ ನಡೆಯುತ್ತದೆ. ೨೦೨೫ರ ಮಾರ್ಚ್ ವೇಳೆಗೆ ಕರ್ಣಾಟಕದ ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯವು ೭,೦೦೦ ಮೆಗಾವ್ಯಾಟನ್ನು ಮೀರಿತ್ತು. ಎಲ್ಲ ಯಂತ್ರಗಳೂ ಓರೆಯಾಗಿವೆ ಎಂದು ನಾವು ಹೇಳುತ್ತಿಲ್ಲ. ಆದರೆ ಯಾವುದು ಓರೆ, ಯಾವುದು ನೆಟ್ಟಗೆ ಎಂಬುದನ್ನು ಹೊರಗಿನಿಂದ ಅಳೆಯದೆ ತಿಳಿಯುವ ಉಪಾಯವಿಲ್ಲ ಎಂಬುದಂತೂ ದಿಟ.

ವಿದ್ಯುತ್ತು ಮಾತ್ರವಲ್ಲ, ಯಂತ್ರದ ಆಯುಸ್ಸೂ ಸವೆಯುತ್ತದೆ. ಓರೆಯಾಗಿ ನಿಂತ ಚಕ್ರದಲ್ಲಿ ಪ್ರತಿಯೊಂದು ರೆಕ್ಕೆಯೂ ಒಂದೊಂದು ಸುತ್ತಿನಲ್ಲಿ ಒಮ್ಮೆ ಹೆಚ್ಚು, ಒಮ್ಮೆ ಕಡಮೆ ಒತ್ತಡವನ್ನು ಅನುಭವಿಸುತ್ತದೆ. ನಿಮಿಷಕ್ಕೆ ೧೫ ಸುತ್ತಿನಂತೆ ದಿನಕ್ಕೆ ೨೧,೬೦೦ ಸುತ್ತು. ಅಷ್ಟು ಸಲ ರೆಕ್ಕೆಯ ಬುಡ ಬಾಗಿ ಬಿಡುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಕಡೆಗೆ ತುಂಡಾಗುವುದನ್ನು ಹುಡುಗರೂ ಬಲ್ಲರು.

ಸಂತೋಷದ ಸಂಗತಿಯೆಂದರೆ ಈ ರೋಗಕ್ಕೆ ಮದ್ದು ಇದೆ. ಅದು ಹೆಚ್ಚು ಬೆಲೆಯದೂ ಅಲ್ಲ. ಮೊದಲನೆಯ ದಾರಿ ಹಳೆಯ ದಾಖಲೆಗಳನ್ನೇ ಓದುವುದು. ಹಲವು ತಿಂಗಳ, ಹತ್ತು ಹತ್ತು ನಿಮಿಷಗಳ ಸರಾಸರಿಗಳನ್ನು ತೆಗೆದುಕೊಂಡು, ಒಂದೇ ವೇಗದ ಗಾಳಿಯಲ್ಲಿ, ಸೂಚಿಯು ತೋರಿದ ಒಂದೊಂದು ಕೋನಕ್ಕೂ ಎಷ್ಟು ವಿದ್ಯುತ್ತು ಬಂದಿತೆಂದು ನಕ್ಷೆ ಬರೆಯಬೇಕು. ನಕ್ಷೆಯು ಗುಡ್ಡದ ಆಕಾರ ತಾಳುತ್ತದೆ. ಗುಡ್ಡದ ನೆತ್ತಿ ಸೊನ್ನೆಯ ಮೇಲಿದ್ದರೆ ಯಂತ್ರವು ಸರಿ. ೬ರ ಮೇಲಿದ್ದರೆ ಸೊನ್ನೆಯ ಗುರುತೇ ೬ ಡಿಗ್ರಿ ತಪ್ಪಿದೆ ಎಂಬ ಅನುಮಾನಕ್ಕೆ ಎಡೆಯುಂಟು. ಗೂಡಿನ ಮೇಲಿನ ವೇಗಮಾಪಕವೂ ಓರೆಯಿಂದ ಮೋಸಹೋಗಬಹುದಾದ್ದರಿಂದ, ಗಾಳಿಯ ವೇಗವನ್ನು ಪಕ್ಕದ ಅಳತೆಗಂಬದಿಂದಲೋ ನೆರೆಯ ಯಂತ್ರಗಳಿಂದಲೋ ತಿಳಿಯುವುದು ಲೇಸು.

ಎರಡನೆಯ ದಾರಿ ಲೈಡಾರ್. ಗೂಡಿನ ಮೇಲಿನಿಂದ ಮುಂದಕ್ಕೆ ಲೇಸರ್ ಕಿರಣಗಳನ್ನು ಬಿಟ್ಟು, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ ಮರಳಿ ಬಂದ ಬೆಳಕಿನ ಆವರ್ತಾಂಕದ ಬದಲಾವಣೆಯಿಂದ, ಗಾಳಿಯು ಯಂತ್ರವನ್ನು ಮುಟ್ಟುವ ಮುನ್ನವೇ ಅದರ ವೇಗವನ್ನೂ ದಿಕ್ಕನ್ನೂ ಇದು ತಿಳಿಯುತ್ತದೆ. ಮೂರನೆಯದು, ಡೆನ್ಮಾರ್ಕಿನ ರಿಸೋ ಪ್ರಯೋಗಾಲಯದಲ್ಲಿ ಬೆಳೆದ ವಿಧಾನ. ಚಕ್ರದ ಮೂತಿಯ ಮೇಲೆಯೇ ಮಾಪಕಗಳನ್ನಿಟ್ಟು, ರೆಕ್ಕೆಗಳು ಕಲಕುವ ಮೊದಲೇ ಗಾಳಿಯನ್ನು ಅಳೆಯುವುದು. ತಪ್ಪು ಗೊತ್ತಾದ ಮೇಲೆ ಸೂಚಿಯನ್ನು ಮತ್ತೆ ಕೂರಿಸಬಹುದು, ಅಥವಾ ಗಣಕದಲ್ಲಿ ಒಂದು ಸಂಖ್ಯೆಯನ್ನು ಬದಲಾಯಿಸಬಹುದು. ತಪ್ಪು ವೇಗದೊಡನೆ ಬದಲಾಗುವುದಾದರೆ ಒಂದು ಕೋಷ್ಟಕವನ್ನೇ ಕೊಡಬಹುದು. ಕಬ್ಬಿಣ, ಸಿಮೆಂಟು, ನೆಲ ಯಾವುದೂ ಬೇಡದೆ ವಿದ್ಯುತ್ತನ್ನು ಹೆಚ್ಚಿಸುವ ಮಾರ್ಗಗಳು ಎಷ್ಟಿವೆ?

ಹೀಗಿರುವಲ್ಲಿ ನಮ್ಮ ಸಲಹೆ ಸ್ಪಷ್ಟವಾಗಿದೆ. ಮಧುಗಿರಿಯ ಸಂತೆಯಲ್ಲಿ ಹುಣಿಸೆಹಣ್ಣು ತೂಗುವ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಶಿರಾದ ಪೆಟ್ರೋಲ್ ಬಂಕಿನ ಅಳತೆಗೂ ಬೇಕು. ಗಾಳಿಯಂತ್ರದಿಂದ ಹೊರಟ ವಿದ್ಯುತ್ತನ್ನು ಅಳೆಯುವ ಮೀಟರಿಗೂ ಪರೀಕ್ಷೆಯುಂಟು. ಆದರೆ ಹುಟ್ಟದೇ ಹೋದ ವಿದ್ಯುತ್ತು ಯಾವ ಮೀಟರಿನಲ್ಲಿಯೂ ಕಾಣದು. ಅದರ ಕಾವಲು ಗಾಳಿಸೂಚಿಯದು. ಆ ಸೂಚಿಗೂ ಒಂದು ಮುದ್ರೆ ಬೇಕು. ಹೊಸ ಯಂತ್ರವು ಕೆಲಸ ಪ್ರಾರಂಭಿಸಿದ ಮೊದಲ ವರ್ಷದಲ್ಲಿಯೂ, ಸೂಚಿಯನ್ನು ಬದಲಾಯಿಸಿದಾಗಲೆಲ್ಲ ಮತ್ತೊಮ್ಮೆಯೂ, ಸ್ವತಂತ್ರವಾದ ಅಳತೆಯಿಂದ ಅದರ ಸೊನ್ನೆಯನ್ನು ಪರೀಕ್ಷಿಸಬೇಕು. ಹಳೆಯ ಯಂತ್ರಗಳ ದಾಖಲೆಗಳನ್ನು ಪ್ರತಿವರ್ಷ ಆಷಾಢಕ್ಕೆ ಮುಂಚೆ ಓದಿ, ಅನುಮಾನ ಬಂದವನ್ನು ಅಳೆಯಬೇಕು. ಫಲಿತಾಂಶಗಳನ್ನು ಕರ್ಣಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು ಪ್ರಕಟಿಸಬೇಕು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಇದನ್ನು ನಿಯಮವನ್ನಾಗಿ ಮಾಡಲಿ. ಅಳತೆಯ ಕ್ರಮವನ್ನು ಚೆನ್ನೈಯಲ್ಲಿರುವ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯು ಗೊತ್ತುಮಾಡಲಿ.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ‘ನಷ್ಟವು ಯಂತ್ರದ ಒಡೆಯನದು, ಸರ್ಕಾರಕ್ಕೇಕೆ ಆ ಚಿಂತೆ?’ ಎನ್ನಬಹುದು. ಯಂತ್ರವು ಒಡೆಯನದಾದರೂ ಗುಡ್ಡವೂ ಗಾಳಿಯೂ ನಾಡಿನವು. ಅಲ್ಲದೆ ಒಡೆಯನು ತನ್ನ ಲಾಭವನ್ನು ತಾನೇ ಕಾಯ್ದುಕೊಳ್ಳುತ್ತಾನೆಂಬ ಮಾತು ಯಾವಾಗಲೂ ನಿಜವಲ್ಲ. ನಮ್ಮ ದೇಶದಲ್ಲಿ ಬಹುಕಾಲ ಯಂತ್ರವನ್ನು ನೆಟ್ಟದ್ದಕ್ಕೇ ತೆರಿಗೆಯ ರಿಯಾಯಿತಿ ಸಿಕ್ಕುತ್ತಿತ್ತು. ಉತ್ಪಾದಿಸಿದ ಯೂನಿಟ್ಟಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಡುವ ಕೇಂದ್ರದ ಯೋಜನೆ ಬಂದದ್ದು ೨೦೦೯ರಲ್ಲಿ. ನೆಡುವುದಕ್ಕೆ ಸಿಕ್ಕ ಮರ್ಯಾದೆ ನೋಡಿಕೊಳ್ಳುವುದಕ್ಕೆ ಸಿಕ್ಕದಿದ್ದರೆ ಏನಾಗುವುದೆಂಬುದನ್ನು ವನಮಹೋತ್ಸವದ ಸಸಿಗಳೇ ಹೇಳುತ್ತವೆ.

‘ಲೈಡಾರ್ ದುಬಾರಿ’ ಎಂಬುದು ಎರಡನೆಯ ಆಕ್ಷೇಪಣೆ. ಯಂತ್ರಕ್ಕೊಂದರಂತೆ ಕೊಳ್ಳಬೇಕಾಗಿಲ್ಲ. ಒಂದರಲ್ಲಿ ಕೆಲವು ವಾರ ಅಳೆದು ಮುಂದಿನದಕ್ಕೆ ಸಾಗಿಸಬಹುದು. ಲೈಡಾರನ್ನೇ ಓರೆಯಾಗಿ ಕೂರಿಸುವ ಅಪಾಯವೂ ಉಂಟೆಂಬುದನ್ನು ಒಪ್ಪುತ್ತೇವೆ. ಅದಕ್ಕಾಗಿಯೇ ತಿದ್ದುವ ಮೊದಲು ಮತ್ತು ತಿದ್ದಿದ ಮೇಲೆ ಯಂತ್ರದ ಉತ್ಪನ್ನವನ್ನು ನೆರೆಯ ಯಂತ್ರದೊಡನೆ ಹೋಲಿಸಿ ನೋಡಬೇಕು. ಇನ್ನು ಕೆಲವರು, ‘ಮುಂದಿನ ಯಂತ್ರದ ನೆರಳುಗಾಳಿಯು ಹಿಂದಿನದಕ್ಕೆ ಬಡಿಯದಿರಲೆಂದು ಈಗ ಬೇಕೆಂದೇ ಯಂತ್ರಗಳನ್ನು ಓರೆಯಾಗಿ ನಿಲ್ಲಿಸುವ ಪ್ರಯೋಗಗಳು ನಡೆಯುತ್ತಿವೆಯಲ್ಲ?’ ಎಂದು ಕೇಳಬಹುದು. ನಡೆಯುತ್ತಿವೆ, ಅದು ಒಳ್ಳೆಯ ವಿದ್ಯೆ. ಆದರೆ ತಿಳಿದು ೨೦ ಡಿಗ್ರಿ ಓರೆಯಾಗುವುದಕ್ಕೂ ಸೊನ್ನೆ ಎಲ್ಲಿದೆಯೆಂದು ಮೊದಲು ಗೊತ್ತಿರಬೇಕು. ತಾಳ ಬಲ್ಲವನೇ ತಾಳ ತಪ್ಪಿಸಿ ಹಾಡಬಲ್ಲ.

ಈ ಕೆಲಸಕ್ಕೆ ಬೇಕಾದ ಕೈಗಳನ್ನು ದೂರ ಹುಡುಕಬೇಕಾಗಿಲ್ಲ. ದಾಖಲೆ ಓದಿ ನಕ್ಷೆ ಬರೆಯುವುದನ್ನು ವಿಜ್ಞಾನ ಓದಿದ ಯಾವ ತರುಣನಿಗಾದರೂ, ತರುಣಿಗಾದರೂ ಕಲಿಸಬಹುದು. ಅದಕ್ಕೂ ಮೊದಲು ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳ ಮಾಳಿಗೆಯ ಮೇಲೆ, ತಗಡು ಮತ್ತು ಹಳೆಯ ಸೈಕಲ್ಲಿನ ಬೇರಿಂಗಿನಿಂದ ಮಾಡಿದ ಎರಡು ಗಾಳಿಸೂಚಿಗಳನ್ನು ನಿಲ್ಲಿಸಲಿ. ಒಂದರ ಕೋನಪಟ್ಟಿಯನ್ನು ಉಪಾಧ್ಯಾಯರು ಗುಟ್ಟಾಗಿ ೮ ಡಿಗ್ರಿ ತಿರುಗಿಸಿಡಲಿ. ಯಾವುದು ಸುಳ್ಳು ಹೇಳುತ್ತಿದೆ ಎಂಬುದನ್ನು ಮಕ್ಕಳು ಹೇಗೆ ಕಂಡುಹಿಡಿಯುವರೋ ನೋಡಲಿ. ಒಂದೇ ಸೂಚಿಯನ್ನು ನೋಡುತ್ತ ಕೂತವರಿಗೆ ಉತ್ತರ ದೊರೆಯದು. ಎರಡನ್ನೂ ದಿಕ್ಸೂಚಿಯೊಡನೆ ಹೋಲಿಸಿದವರಿಗೆ ದೊರೆಯುವುದು. ಉಪಕರಣವನ್ನು ನಂಬುವ ಮೊದಲು ಅದನ್ನು ಪರೀಕ್ಷಿಸಬೇಕೆಂಬ ಪಾಠವನ್ನು ಆ ಮಕ್ಕಳು ಮರೆಯಲಾರರು.

ಹೊಸ ಗುಡ್ಡಗಳನ್ನು ಹುಡುಕಿ, ದಾರಿ ಕಡಿದು, ಇನ್ನಷ್ಟು ಯಂತ್ರಗಳನ್ನು ನೆಡುವ ಕೆಲಸ ನಡೆದೇ ನಡೆಯುತ್ತದೆ. ಅದು ಬೇಡವೆಂದು ನಾವು ಹೇಳುವವರಲ್ಲ. ಆದರೆ ನೆಟ್ಟಿರುವ ಯಂತ್ರವನ್ನು ಗಾಳಿಗೆ ನೆಟ್ಟಗೆ ನಿಲ್ಲಿಸುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ. ಮುಂದಿನ ಆಷಾಢದ ಗಾಳಿ ಯಾರ ಅಪ್ಪಣೆಗೂ ಕಾಯದೆ ಬರುತ್ತದೆ. ಅದಕ್ಕೆ ಮೊದಲು ಸೂಚಿಗಳ ಸೊನ್ನೆಯನ್ನು ನೋಡಿಟ್ಟುಕೊಳ್ಳುವುದು ಸಂಬಂಧಪಟ್ಟವರ ಕರ್ತವ್ಯ.